ಅನ್ಸ್‌ಗಾರ್: ಹೆಸರಿನ ಅರ್ಥ

ಪತಿಯ ಮನೆಯವರು ಮಗುವಿಗೆ ‘ಅನ್ಸ್‌ಗಾರ್’ ಎಂಬ ಹೆಸರು ಸೂಚಿಸಿದ್ದಾರೆ, ಅರ್ಥವೇನು, ತೀರಾ ಹಳೆಯದೆನಿಸುವುದೇ ಎಂದು ಕೇಳಿದ್ದೀರಿ. ಹಳೆಯದು ನಿಜ, ಆದರೆ ಬಹಳ ಚೆಂದದ ಹೆಸರು! ಪ್ರಾಚೀನ ಜರ್ಮನಿಕ್ ಭಾಷೆಯಲ್ಲಿ ‘ಅನ್ಸ್’ ಎಂದರೆ ದೇವತೆ, ‘ಗೇರ್’ ಎಂದರೆ ಈಟಿ. ಒಟ್ಟಾರೆ ‘ದೇವರ ಈಟಿ’. ಗೆರ್ಹಾರ್ಡ್, ರೂಡಿಗರ್ ಹೆಸರುಗಳಲ್ಲಿಯೂ ಇದೇ ಈಟಿ ಇದೆ. ಹಳೆಯ ಇಂಗ್ಲಿಷಿನಲ್ಲಿ ಇದರ ಜೋಡಿ ರೂಪ ಓಸ್ಗಾರ್.

ಹೆಸರು ಉಳಿದದ್ದು ಸಂತ ಅನ್ಸ್‌ಗಾರ್ (801–865) ಅವರಿಂದ. ಡೆನ್ಮಾರ್ಕ್, ಸ್ವೀಡನ್‌ಗಳಿಗೆ ಕ್ರೈಸ್ತ ಧರ್ಮ ಒಯ್ದ ಅವರು ಹ್ಯಾಂಬರ್ಗಿನ ಆರ್ಚ್‌ಬಿಷಪ್ ಆಗಿದ್ದರು. ಅವರ ಹಬ್ಬ ಫೆಬ್ರವರಿ 3. ಉತ್ತರ ಜರ್ಮನಿಗೆ ಪರಿಚಿತವಾದರೂ ಈಗಿನ ಮಕ್ಕಳಲ್ಲಿ ಅಪರೂಪ. ನನ್ನ ಮಟ್ಟಿಗೆ ಅದೇ ಇದರ ಸೊಗಸು, ಧೈರ್ಯವಾಗಿ ಇಡಿ. ಕನ್ನಡದ ಅಜ್ಜಿಗೂ ಕರೆಯಲು ಕಷ್ಟವಾಗದು.