ಮೋಟಾರ್ ಯೂನಿಟ್ ಎಣಿಕೆ: ವಾರದಲ್ಲಿ 58 ಹೋಗಿ 84 ಆಗಿದ್ದು ಹೇಗೆ?

ಪ್ರಶ್ನೆ: ಎ.ಎಲ್.ಎಸ್. (ಸ್ನಾಯು ಆಡಿಸುವ ನರಕೋಶಗಳು ಸಾಯುವ ಕಾಯಿಲೆ) ಶಂಕೆಯಿರುವ ರೋಗಿಯ ಹೆಬ್ಬೆರಳ ಬುಡದ ಸ್ನಾಯುವಿನಲ್ಲಿ ಮೋಟಾರ್ ಯೂನಿಟ್ (ಒಂದು ನರತಂತು ಮತ್ತು ಅದು ಆಡಿಸುವ ಸ್ನಾಯುನಾರುಗಳು) ಎಣಿಸಿದೆ. ಮಣಿಕಟ್ಟಿನ ಒಂದೇ ಜಾಗದಲ್ಲಿ ಕರೆಂಟ್ ಏರಿಸುತ್ತ ಅಲೆ ಹಂತಹಂತವಾಗಿ ಬೆಳೆಯುವ ಹತ್ತು ಮೆಟ್ಟಿಲು ತೆಗೆದಾಗ 58 ಬಂತು. ಮರುವಾರ 84! ಎರಡು ಸಲವೂ ಸಿ.ಎಂ.ಎ.ಪಿ. (ಎಲ್ಲ ಯೂನಿಟ್ ಒಟ್ಟಿಗೆ ಎದ್ದಾಗಿನ ಪೂರ್ಣ ಅಲೆ) 7 ಮಿಲಿವೋಲ್ಟೇ. ಯಾವುದನ್ನು ನಂಬಲಿ?
– ನರಪರೀಕ್ಷಾ ತಂತ್ರಜ್ಞ, ಚಿಕ್ಕಬಳ್ಳಾಪುರ

ಉತ್ತರ: ಎರಡನ್ನೂ ನಂಬಬೇಡಿ, 84ನ್ನು ಇನ್ನೂ ಕಡಿಮೆ ನಂಬಿ. ಸಿ.ಎಂ.ಎ.ಪಿ.ಯನ್ನು ಒಂದು ಯೂನಿಟ್ಟಿನ ಸರಾಸರಿ ಅಲೆಯಿಂದ ಭಾಗಿಸಿದರೆ ಎಣಿಕೆ. ಲೆಕ್ಕ ಬಿಡಿಸಿ ನೋಡಿ: 7 ಮಿಲಿವೋಲ್ಟ್, ಅಂದರೆ 7000 ಮೈಕ್ರೋವೋಲ್ಟನ್ನು 120ರಿಂದ ಭಾಗಿಸಿದರೆ 58, 83ರಿಂದ ಭಾಗಿಸಿದರೆ 84. ಬದಲಾಗಿರುವುದು ಯೂನಿಟ್‌ಗಳಲ್ಲ, ಒಂದು ಯೂನಿಟ್ಟಿನ ಸರಾಸರಿ ಗಾತ್ರ.

ಅದು ಕುಗ್ಗಲು ಮಾಮೂಲಿ ಕಾರಣ ಆಲ್ಟರ್ನೇಷನ್. ಮೂರು ನರತಂತುಗಳು ಹೆಚ್ಚುಕಡಿಮೆ ಒಂದೇ ಕರೆಂಟಿಗೆ ಏಳುವಂತಿದ್ದರೆ ಒಮ್ಮೆ ಮೊದಲನೆಯದು, ಒಮ್ಮೆ ಎರಡನೆಯದು, ಒಮ್ಮೆ ಎರಡೂ ಸೇರಿ – ಹೀಗೆ ಮೂರೇ ತಂತುಗಳಿಂದ ಏಳು ಬಗೆಯ ಅಲೆ ಹುಟ್ಟಬಹುದು. ಏಳನ್ನೂ ಮೆಟ್ಟಿಲೆಂದು ಎಣಿಸಿದರೆ ಸರಾಸರಿ ಇಳಿಯುತ್ತದೆ, ಎಣಿಕೆ ಉಬ್ಬುತ್ತದೆ. ಉಳಿಸಿಟ್ಟ ಅಲೆಗಳನ್ನು ತೆರೆಯಿರಿ. ಕರೆಂಟ್ ಮುಟ್ಟದಿದ್ದರೂ ಹಳೆಯ ಆಕಾರ ಮತ್ತೆ ಮತ್ತೆ ಬಂದುಹೋಗುತ್ತಿದ್ದರೆ ಕಳ್ಳ ಸಿಕ್ಕ ಹಾಗೆ. 1971ರಲ್ಲಿ ಮ್ಯಾಕೋಮಸ್ ತಂಡ ಪಾದದ ಸ್ನಾಯುವಿನಲ್ಲಿ ಈ ವಿಧಾನ ತೋರಿಸಿದಾಗಿನಿಂದಲೂ ಅಂಟಿಕೊಂಡ ತಕರಾರು ಇದು.

ಬಹುಬಿಂದು ವಿಧಾನಕ್ಕೆ ಬನ್ನಿ. ಮೀಡಿಯನ್ ನರದ ಮೇಲೆ ಮಣಿಕಟ್ಟಿನಿಂದ ಮೊಣಕೈವರೆಗೆ ಕ್ಯಾಥೋಡನ್ನು (ಕರೆಂಟ್ ಕೊಡುವ ತುದಿ) ಸರಿಸುತ್ತ, ಪ್ರತಿ ಜಾಗದಲ್ಲಿ ಮೊದಲು ಏಳುವ, ‘ಬಂದರೆ ಪೂರ್ತಿ, ಇಲ್ಲವೇ ಇಲ್ಲ’ ಎನ್ನುವ ಅಲೆಯನ್ನಷ್ಟೇ ಹಿಡಿಯಿರಿ. ಅದೇ ಆಕಾರ ನಾಲ್ಕೈದು ಸಲ ಬಾರದಿದ್ದರೆ ಬಿಟ್ಟುಬಿಡಿ. ಕನಿಷ್ಠ ಹತ್ತು ಯೂನಿಟ್ ಬೇಕು. ಎತ್ತರಗಳ ಸರಾಸರಿ ಬೇಡ. ಅಲೆಗಳನ್ನೇ ಬಿಂದುವಿಗೆ ಬಿಂದು ಕೂಡಿಸಿ ಸರಾಸರಿ ಅಲೆಯ ಎತ್ತರ ಅಳೆಯಿರಿ. ಶಿಖರಗಳು ಒಂದೇ ಕ್ಷಣಕ್ಕೆ ಬರುವುದಿಲ್ಲ, ಸಿ.ಎಂ.ಎ.ಪಿ.ಯೊಳಗೆ ಒಂದನ್ನೊಂದು ಅಷ್ಟಿಷ್ಟು ಅಳಿಸುತ್ತವೆ.

ಚರ್ಮದ ಬಿಸಿ 32 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿರಬಾರದು. ಡಿಸೆಂಬರ್ ಬೆಳಿಗ್ಗೆ ನಂದಿ ಕಡೆಯಿಂದ ಬೈಕಿನಲ್ಲಿ ಬಂದ ಕೈಯನ್ನು ಮೊದಲು ಬಿಸಿನೀರಿಗೆ ಇಳಿಸಿ. ತಣ್ಣನೆಯ ಕೈಯಲ್ಲಿ ಅಲೆ ಎತ್ತರವೂ ಅಗಲವೂ ಆಗುತ್ತದೆ. ಎಲೆಕ್ಟ್ರೋಡ್ ಇಟ್ಟ ಜಾಗವನ್ನು ಚರ್ಮದ ಗೆರೆಗಳಿಂದ ಅಳೆದು ಬರೆದಿಡಿ.

7 ಮಿಲಿವೋಲ್ಟ್ ಇದೆಯೆಂದು ಸಮಾಧಾನಪಡಬೇಡಿ. ತಂತು ಸತ್ತರೆ ಪಕ್ಕದ ತಂತು ಚಿಗುರೊಡೆದು ಅದರ ಸ್ನಾಯುನಾರುಗಳನ್ನು ತನ್ನದಾಗಿಸಿಕೊಳ್ಳುತ್ತದೆ. ಶಿಡ್ಲಘಟ್ಟದ ರೇಷ್ಮೆ ನೂಲು ನೋಡಿ, ದಪ್ಪ ಒಂದೇ ಇದ್ದರೂ ಅದರಲ್ಲಿ ಎಷ್ಟು ಗೂಡಿನ ಎಳೆ ಇದೆಯೆಂದು ಹೊರಗಿನಿಂದ ತಿಳಿಯದು.

ಮ್ಯೂನಿಕ್ಸ್ ಎಂಬ ಇನ್ನೊಂದು ವಿಧಾನ ಬೇಗ ಮುಗಿಯುತ್ತದೆ, ಆದರೆ ರೋಗಿ ಹಂತಹಂತವಾಗಿ ಬಲ ಹಾಕಬೇಕು, ಸಿಗುವುದೂ ಸೂಚ್ಯಂಕವೇ ಹೊರತು ಎಣಿಕೆಯಲ್ಲ. ಯಾವುದೇ ವಿಧಾನವಿರಲಿ, ಮೊದಲು ನಾಲ್ಕೈದು ಆರೋಗ್ಯವಂತ ಸಹೋದ್ಯೋಗಿಗಳ ಕೈಯಲ್ಲಿ ಎಲೆಕ್ಟ್ರೋಡ್ ಕಿತ್ತು ಮತ್ತೆ ಅಂಟಿಸಿ ಎರಡೆರಡು ಸಲ ಅಳೆಯಿರಿ. ಆ ಏರಿಳಿತವನ್ನು ಮೀರಿ ಇಳಿದಾಗ ಮಾತ್ರ ವರದಿಯಲ್ಲಿ ‘ಇಳಿಕೆ’ ಎಂದು ಬರೆಯಿರಿ.