ಕೀಮೋ ನಡೆಯುತ್ತಿರುವ ಮಗುವಿಗೆ ಮೂಗಿನ ಎಂಡೋಸ್ಕೋಪಿ: ಎರಡು ದಿನ ಕಾಯಬಹುದೇ?

ನಿಮ್ಮ ಏಳು ವರ್ಷದ ಮಗಳಿಗೆ ರಕ್ತದ ಕ್ಯಾನ್ಸರಿಗಾಗಿ ಕೀಮೋ ನಡೆಯುತ್ತಿದೆ. ಆ್ಯಂಟಿಬಯಾಟಿಕ್ ಕೊಟ್ಟರೂ ನಾಲ್ಕು ದಿನದಿಂದ ಜ್ವರ ಇಳಿದಿಲ್ಲ, ಬಲಗೆನ್ನೆ ನೋಯುತ್ತಿದೆ. ಸಿಟಿ ಸ್ಕ್ಯಾನಿನಲ್ಲಿ ಸೈನಸ್ಸಿನ ಒಳಪದರ ಸ್ವಲ್ಪ ದಪ್ಪಗಾಗಿದೆ ಎಂದಷ್ಟೇ ಬಂದಿರುವಾಗ ಎಂಡೋಸ್ಕೋಪಿಗೆ ಎರಡು ದಿನ ಕಾಯಬಹುದೇ ಎಂದು ಕೇಳಿದ್ದೀರಿ. ಕಾಯಬೇಡಿ. ಇವತ್ತೇ ಒಪ್ಪಿಗೆ ಕೊಡಿ.

ನಾನು ಕಿವಿ, ಮೂಗು, ಗಂಟಲು ವೈದ್ಯೆ. ಆ ‘ಸ್ವಲ್ಪ’ ಎಂಬ ಮಾತನ್ನು ನಂಬಲು ನನಗೆ ಧೈರ್ಯವಿಲ್ಲ. ಕೀವು ಕಟ್ಟುವುದಕ್ಕೂ ಬಿಳಿ ರಕ್ತಕಣಗಳು ಬೇಕು. ಕೀಮೋದಿಂದ ಅವೇ ಕುಸಿದ ಮಗುವಿನಲ್ಲಿ ಶಿಲೀಂಧ್ರದ (ಫಂಗಸ್) ಸೋಂಕು ಸದ್ದಿಲ್ಲದೆ ಒಳಗಿಳಿಯುತ್ತದೆ. ಸ್ಕ್ಯಾನ್ ನೆಗಡಿಯ ಸ್ಕ್ಯಾನಿನಂತೆಯೇ ಕಾಣುತ್ತದೆ.

ಆಸ್ಪರ್ಜಿಲಸ್, ಮ್ಯೂಕರ್ ಗುಂಪಿನ ಶಿಲೀಂಧ್ರಗಳ ಬೀಜಕಣಗಳನ್ನು ನಾವೆಲ್ಲರೂ ದಿನವೂ ಉಸಿರಾಡುತ್ತೇವೆ, ಏನೂ ಆಗುವುದಿಲ್ಲ. ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳ ಎಣಿಕೆ 500ಕ್ಕಿಂತ ಕೆಳಗಿಳಿದು ದಿನಗಟ್ಟಲೆ ಏಳದಿದ್ದಾಗ ಅವು ರಕ್ತನಾಳಗಳೊಳಗೆ ನುಗ್ಗಬಹುದು. ಅಲ್ಲಿ ರಕ್ತ ಹೆಪ್ಪುಗಟ್ಟಿ, ಸುತ್ತಲಿನ ಭಾಗ ಸಾಯುತ್ತದೆ. ಸೈನಸ್ಸಿಗೂ ಕಣ್ಣಿಗೂ ನಡುವೆ ಇರುವುದು ಕಾಗದದಷ್ಟು ತೆಳುವಾದ ಮೂಳೆ. ಮನೆ ಶುಚಿಯಾಗಿರಲಿಲ್ಲವೇನೋ ಎಂದು ನೀವು ಕೊರಗುತ್ತಿದ್ದೀರಿ. ದಯವಿಟ್ಟು ಅದನ್ನು ಬಿಡಿ, ಇದು ನಿಮ್ಮ ತಪ್ಪಲ್ಲ. ಅವಳ ತಮ್ಮನಿಗೆ ಅವಳಿಂದ ಅಂಟುವ ಕಾಯಿಲೆಯೂ ಅಲ್ಲ.

ಹಿಂದೊಮ್ಮೆ ನಾನು ನೋಡಿದ ಇಂಥದೇ ಸೋಂಕಿನ ಒಬ್ಬ ಹುಡುಗನ ಗೆನ್ನೆನೋವು ತಾನಾಗಿಯೇ ನಿಂತಿತ್ತು. ಅವನ ತಾಯಿ ನಿಟ್ಟುಸಿರು ಬಿಟ್ಟಿದ್ದರು. ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಎಡಗೆನ್ನೆ ಸವರಿದೆ, ಕಚಗುಳಿಯಾಗಿ ನಕ್ಕ. ಬಲಗೆನ್ನೆ ಸವರಿದೆ. “ಇನ್ನೂ ಮುಟ್ಟಿಲ್ಲವಲ್ಲ?” ಎಂದ. ನೋವು ಹೋಗಿರಲಿಲ್ಲ, ಸ್ಪರ್ಶವೇ ಹೋಗಿತ್ತು. ಮೂಗಿನೊಳಗೆ ನೋಡಿದರೆ ತೇವವಾಗಿ ನಸುಗೆಂಪಾಗಿರಬೇಕಾದ ಜಾಗ ಬಿಳಿಚಿಕೊಂಡಿತ್ತು. ಉಪಕರಣ ತಾಗಿಸಿದರೂ ರಕ್ತ ಜಿನುಗಲಿಲ್ಲ. ಕಪ್ಪು ಬಣ್ಣ ಇನ್ನೂ ಬಂದಿರಲಿಲ್ಲ. ಕಪ್ಪಾಗುವುದನ್ನೇ ಕಾದಿದ್ದರೆ ಕಣ್ಣು ಉಳಿಯುತ್ತಿತ್ತೆಂದು ನಾನು ಹೇಳಲಾರೆ. ಅಂದೇ ರಾತ್ರಿ ಸತ್ತ ಭಾಗವನ್ನು ತೆಗೆದೆವು, ಆಮೇಲೆ ಮತ್ತೆರಡು ಬಾರಿ. ರಕ್ತಕಣಗಳು ಏರತೊಡಗಿದ ಮೇಲೆ ಅವನು ಚೇತರಿಸಿಕೊಂಡ.

ಅನುಮಾನ ಬಂದರೆ ನಿಮ್ಮ ಮಗಳಿಗೂ ಚೂರು ಅಂಗಾಂಶ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಪ್ಲೇಟ್‌ಲೆಟ್ ಕಡಿಮೆಯಿದ್ದರೆ ಮೊದಲು ಅದನ್ನು ಕೊಡುತ್ತಾರೆ, ರಕ್ತಸ್ರಾವದ ಹೆದರಿಕೆಯಿಂದ ಮುಂದೂಡಬೇಡಿ. ಔಷಧದ ಬಗ್ಗೆ ಒಂದನ್ನು ಕೇಳಿಕೊಳ್ಳಿ: ವೊರಿಕೊನಜೋಲ್ ಎಂಬ ಶಿಲೀಂಧ್ರನಾಶಕ ಆಸ್ಪರ್ಜಿಲಸ್‌ಗೆ ಒಳ್ಳೆಯದು, ಮ್ಯೂಕರ್‌ಗೆ ನಾಟುವುದಿಲ್ಲ. ಯಾವುದೆಂದು ತಿಳಿಯುವವರೆಗೆ ಸಾಮಾನ್ಯವಾಗಿ ಲೈಪೋಸೋಮಲ್ ಆಂಫೊಟೆರಿಸಿನ್ ಕೊಡುತ್ತೇವೆ. ಅದು ಮೂತ್ರಪಿಂಡಕ್ಕೆ ಭಾರ, ಪೊಟ್ಯಾಸಿಯಮ್ ಇಳಿಸುತ್ತದೆ. ಹಾಗಾಗಿ ಮೇಲಿಂದ ಮೇಲೆ ರಕ್ತ ಪರೀಕ್ಷೆ ಮಾಡಿದರೆ ಗಾಬರಿಯಾಗಬೇಡಿ.

ಇಂದು ರಾತ್ರಿ ಟಾರ್ಚ್ ಹಿಡಿದು ಅವಳ ಅಂಗುಳ ನೋಡಿ. ಅಲ್ಲಿ ಕಪ್ಪು ಅಥವಾ ಬಿಳಿಚಿದ ಮಚ್ಚೆ ಕಂಡರೆ, ರೆಪ್ಪೆ ಊದಿದರೆ, ಒಂದು ವಸ್ತು ಎರಡಾಗಿ ಕಾಣುತ್ತದೆ ಎಂದರೆ, ಗೆನ್ನೆ ಜೋಮು ಹಿಡಿದರೆ, ಗಂಟೆ ಎಷ್ಟೇ ಆಗಿರಲಿ, ಡ್ಯೂಟಿ ಡಾಕ್ಟರನ್ನು ಕರೆಸಿ. ಬೆಳಗಿನ ರೌಂಡ್ಸ್‌ಗೆ ಬಿಡಬೇಡಿ.