ಮರಣಾನಂತರ ದೇಹ ಸೆಟೆದುಕೊಳ್ಳುವುದೇಕೆ?

ಪ್ರಶ್ನೆ: ನಮ್ಮ ಅಜ್ಜಿ ತೀರಿಕೊಂಡಾಗ, ಸಮಾಧಿಗಾಗಿ ಕಾಲು ಮಡಚಿ ಬೇಗನೆ ಕೂರಿಸಬೇಕೆಂದು ಹಿರಿಯರು ಅವಸರಿಸಿದರು. ಇದಕ್ಕೆ ಕಾರಣವೇನು? ಸತ್ತ ಮೇಲೂ ಉಗುರು ಬೆಳೆಯುವುದು ನಿಜವೇ?
– ಓದುಗರೊಬ್ಬರು, ಹೊಳಲ್ಕೆರೆ, ಚಿತ್ರದುರ್ಗ ಜಿಲ್ಲೆ

ಉತ್ತರ: ನಿಮ್ಮ ಹಿರಿಯರ ಅವಸರ ಅನುಭವದಿಂದ ಬಂದದ್ದು, ಸರಿಯಾದದ್ದೂ ಹೌದು. ಸಂಕುಚಿಸಿದ ಸ್ನಾಯು ಮತ್ತೆ ಸಡಿಲಗೊಳ್ಳಲು ಎಟಿಪಿ ಎಂಬ ಶಕ್ತಿವಾಹಕ ಅಣು ಬೇಕು. ಉಸಿರು ಮತ್ತು ರಕ್ತಸಂಚಾರ ನಿಂತ ಮೇಲೆ ಅದರ ತಯಾರಿಕೆ ಕುಂದಿ, ಉಳಿದದ್ದೂ ಮುಗಿದಾಗ, ಸ್ನಾಯುವಿನೊಳಗಿನ ಆಕ್ಟಿನ್ ಮತ್ತು ಮಯೋಸಿನ್ ಎಂಬ ಪ್ರೋಟೀನ್ ಎಳೆಗಳು ಪರಸ್ಪರ ಕಚ್ಚಿಕೊಂಡು ಹಾಗೆಯೇ ಉಳಿಯುತ್ತವೆ. ಸಾಮಾನ್ಯವಾಗಿ 2ರಿಂದ 4 ಗಂಟೆಗಳಲ್ಲಿ ರೆಪ್ಪೆ, ದವಡೆ, ಕತ್ತುಗಳಲ್ಲಿ ಕಾಣಿಸುವ ಬಿಗಿತವು ಸುಮಾರು 12 ಗಂಟೆಗಳಲ್ಲಿ ಇಡೀ ದೇಹವನ್ನು ವ್ಯಾಪಿಸಿ, ಮುಂದೆ ಆ ಪ್ರೋಟೀನುಗಳೇ ಶಿಥಿಲವಾದಾಗ ತಾನಾಗಿ ಬಿಡುತ್ತದೆ. ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ಇದು ಬೇಗ ಬಂದು ಬೇಗ ಹೋಗುತ್ತದೆ.

ಮಲಗಿಸಿದ ದೇಹದ ಬೆನ್ನಿನಲ್ಲಿ ಮೂಡುವ ನೇರಳೆ ಬಣ್ಣ ರಕ್ತವು ಗುರುತ್ವದಿಂದ ಕೆಳಗಿಳಿದು ನಿಂತದ್ದರ ಗುರುತು. ಅದನ್ನು ಪೆಟ್ಟೆಂದು ಭಾವಿಸಿ ಬಂಧುಗಳು ನೊಂದುಕೊಳ್ಳಬಾರದು.

ಉಗುರು ಬೆಳೆಯುವುದಿಲ್ಲ. ಸುತ್ತಲಿನ ಚರ್ಮ ಒಣಗಿ ಹಿಂದೆ ಸರಿಯುವುದರಿಂದ ಅದು ಉದ್ದವಾದಂತೆ ತೋರುತ್ತದೆ, ಅಷ್ಟೇ. ನೇತ್ರದಾನ ಮಾಡುವುದಾದರೆ 6 ಗಂಟೆಗಳೊಳಗೆ ಕಣ್ಣು ಪಡೆಯಬೇಕಾದ್ದರಿಂದ, ಅಲ್ಲಿಯವರೆಗೆ ರೆಪ್ಪೆಗಳನ್ನು ಮುಚ್ಚಿ, ಮೇಲೆ ಒದ್ದೆ ಹತ್ತಿಯಿಟ್ಟು, ಫ್ಯಾನ್ ನಿಲ್ಲಿಸಿರಿ.